ನಲವತ್ತು ವರ್ಷ ಬೆಟ್ಟ ಹತ್ತಿದ್ದು ಬ್ಯಾಂಕಿನಲ್ಲಿ ಇಟ್ಟ ಹಾಗೆಯೇ?

ಒಂಟಿಕೊಪ್ಪಲಿನವನು (ಭಾನುವಾರ ರಾತ್ರಿ)

ನಮ್ಮ ಮನೆಯಲ್ಲಿ ಎರಡು ವಾರದಿಂದ ಒಂದು ವ್ಯಾಜ್ಯ ನಡೆಯುತ್ತಿದೆ. ತೀರ್ಪು ಹೇಳುವಷ್ಟು ತಿಳಿದವರು ಇಲ್ಲಿ ಇರಬಹುದೆಂದು ಬರೆಯುತ್ತಿದ್ದೇನೆ.

ನಮ್ಮ ತಂದೆಗೆ 76. ಮೂವತ್ತೈದರ ಆಸುಪಾಸಿನಲ್ಲಿದ್ದಾಗ ಅವರ ಮೇಲಧಿಕಾರಿಯೊಬ್ಬರು ಮೇಜಿನ ಮುಂದೆಯೇ ಕುಸಿದು ತೀರಿಕೊಂಡರಂತೆ. ಆ ಭಯಕ್ಕೆ ಶುರುವಾದದ್ದು ಇದು: ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ನನ್ನ ಮದುವೆಯ ದಿನವೂ ಧಾರೆಗೆ ಮುಂಚೆ ಕೆರೆಗೆ ಹೋಗಿ ಬಂದ ಮನುಷ್ಯ.

ಎರಡು ವಾರದ ಹಿಂದೆ ಬೆಟ್ಟ ಇಳಿಯುವಾಗ ನಂದಿಗಿಂತ ಸ್ವಲ್ಪ ಕೆಳಗೆ ಕಾಲು ಜಾರಿ ಕುಳಿತುಬಿಟ್ಟರು. ಅಂಗೈ ತರಚಿತು, ಮೂಳೆಗೆ ಏನೂ ಆಗಲಿಲ್ಲ. ಆದರೆ ಅಮ್ಮ ಅಂದೇ ಕಾನೂನು ಹೊರಡಿಸಿದರು: "ನಲವತ್ತು ವರ್ಷ ಹತ್ತಿದ್ದು ಬ್ಯಾಂಕಿನಲ್ಲಿ ಇಟ್ಟ ಹಾಗಾಯಿತು. ಇನ್ನು ಬಡ್ಡಿ ತಿಂದುಕೊಂಡು ಮನೆಯಲ್ಲಿರಿ." ಅಪ್ಪನದು ಒಂದೇ ಮಾತು: "ಬಿಟ್ಟರೆ ಆರು ತಿಂಗಳಿಗೆ ಹಾಸಿಗೆ ಹಿಡಿಯುತ್ತೇನೆ."

ನನ್ನ ಗೊಂದಲ ಬೇರೆ. ನಮ್ಮ ದೊಡ್ಡಪ್ಪ ಜಗಲಿ ಬಿಟ್ಟು ಇಳಿದವರಲ್ಲ, ಬೀಡಿ ಸೇದಿಕೊಂಡೇ 91 ದಾಟಿದರು. ಪಾಂಡವಪುರದ ಹತ್ತಿರ ಬೇಸಾಯ ಮಾಡಿಕೊಂಡಿದ್ದ ಚಿಕ್ಕಪ್ಪ ಜೀವನವಿಡೀ ಬೆವರು ಸುರಿಸಿ 64ಕ್ಕೆ ಹೋದರು. ಹಾಗಾದರೆ ಮೈ ದಂಡಿಸುವುದಕ್ಕೂ ಆಯಸ್ಸಿಗೂ ಏನು ಸಂಬಂಧ? ನನಗೆ 46. ಲಿಫ್ಟ್ ಕೆಟ್ಟರೆ ಮಾತ್ರ ಮೆಟ್ಟಿಲು ಹತ್ತುವ ಜಾತಿ.

ಟಿಕೆಟ್ ಟಿಕೆಟ್ (ಭಾನುವಾರ ರಾತ್ರಿ)

ತಮ್ಮಾ, ನಾನು ಮಂಡ್ಯದಲ್ಲಿ 31 ವರ್ಷ ಬಸ್ ನಿರ್ವಾಹಕನಾಗಿದ್ದವನು. ಈ ವಿಷಯದಲ್ಲಿ ನಮ್ಮ ವೃತ್ತಿಗೆ ಒಂದು ಗೌರವದ ಸ್ಥಾನ ಇದೆ ಎಂದು ನರ್ಸಿಂಗ್ ಓದಿದ ಮಗಳು ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಸುಮಾರು 31,000 ಸಾರಿಗೆ ನೌಕರರ ದಾಖಲೆ ನೋಡಿ 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಆಗ ಅಲ್ಲಿನ ಮಹಡಿ ಬಸ್ಸುಗಳಲ್ಲಿ ಚಾಲಕ ಇಡೀ ದಿನ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ ಹರಿಯಲು ದಿನಕ್ಕೆ ಐದಾರು ನೂರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದೂ ಒಂದೇ ಊರು, ಒಂದೇ ಬಸ್ಸು, ಸಂಬಳದಲ್ಲೂ ಆಕಾಶ ಭೂಮಿಯ ಅಂತರವಿರಲಿಲ್ಲ. ಆದರೆ ನಿರ್ವಾಹಕರಿಗೆ ಹೃದಯದ ಕಾಯಿಲೆ ಕಡಿಮೆ. ಬಂದವರಿಗೂ ತಡವಾಗಿ, ಅಷ್ಟೇನೂ ಉಗ್ರವಲ್ಲದ ರೂಪದಲ್ಲಿ ಬಂದಿತ್ತು. ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಕೆಲಸ ಇದಂತೆ. ಮಾರಿಸ್ ಸ್ವತಃ 99 ವರ್ಷ ಬದುಕಿದರು.

ನಮ್ಮ ಬಸ್ಸಿಗೆ ಮಹಡಿ ಇರಲಿಲ್ಲ. ಆದರೆ ಹಬ್ಬದ ಹಿಂದಿನ ದಿನ ಮದ್ದೂರಿನಿಂದ ಮೈಸೂರಿನವರೆಗೆ ಆ ಜನದ ನಡುವೆ ನುಗ್ಗಿ ಟಿಕೆಟ್ ಕೊಟ್ಟವನಿಗೆ ಮೆಟ್ಟಿಲೇನೂ ಬೇಕಿಲ್ಲ. ನನ್ನ ಜೊತೆ ಓಡಿಸಿದ ಇಬ್ಬರು ಚಾಲಕರು ಈಗಿಲ್ಲ. ನಾನು 72ರಲ್ಲಿ ಇದನ್ನು ಬೆರಳಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಅನುಮಾನರಾಯ (ಭಾನುವಾರ ರಾತ್ರಿ)

ನಿರ್ವಾಹಕ ಸಾಹೇಬರಿಗೆ ನಮಸ್ಕಾರ. ಕಥೆಯ ಅರ್ಧ ಮಾತ್ರ ಹೇಳಿದಿರಿ. ಅದೇ ಮಾರಿಸ್ 1956ರಲ್ಲಿ ಇನ್ನೊಂದು ಲೇಖನ ಬರೆದರು. ಸಾರಿಗೆ ಸಂಸ್ಥೆ ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆ ಪುಸ್ತಕ ತೆಗೆದು ನೋಡಿದರೆ, ಚಾಲಕರ ಪ್ಯಾಂಟಿನ ಸೊಂಟದ ಸುತ್ತಳತೆ ನಿರ್ವಾಹಕರದಕ್ಕಿಂತ ದೊಡ್ಡದು. ಅದೂ ಚಿಕ್ಕ ವಯಸ್ಸಿನವರಲ್ಲೇ! ಅಂದರೆ ದಪ್ಪಗಿರುವವರು ಕುಳಿತು ಮಾಡುವ ಕೆಲಸ ಹಿಡಿದರೋ, ಕುಳಿತು ದಪ್ಪಗಾದರೋ? ತಮ್ಮ ವಾದಕ್ಕೆ ತಾವೇ ತೂತು ಹುಡುಕಿದ ಮಾರಿಸರ ಬಗ್ಗೆ ನನಗೆ ಗೌರವ ಇರುವುದೇ ಇದಕ್ಕೆ.

76ರಲ್ಲಿ ಬೆಟ್ಟ ಹತ್ತುವವರನ್ನು ನೋಡಿ "ಹತ್ತಿದ್ದರಿಂದ ಗಟ್ಟಿಯಾಗಿದ್ದಾರೆ" ಎನ್ನುತ್ತೇವೆ. ಗಟ್ಟಿಯಾಗಿರುವುದರಿಂದ ಹತ್ತುತ್ತಿರಬಹುದಲ್ಲ? ಹತ್ತಲಾಗದವರು ಅಂದು ಬೆಟ್ಟದ ಮೇಲೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇದನ್ನು ಬಿಡಿಸಲು ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗವೇ ಬೇಕು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಅದನ್ನೂ ಮಾಡಿದರು. 70ರಿಂದ 77 ವಯಸ್ಸಿನ 1,567 ಜನ, ಐದು ವರ್ಷ. ಒಂದು ಗುಂಪಿಗೆ ಏದುಸಿರು ಬರುವಂಥ ವ್ಯಾಯಾಮ, ಇನ್ನೊಂದಕ್ಕೆ ಮಧ್ಯಮ, ಮೂರನೆಯದಕ್ಕೆ ಸರ್ಕಾರದ ಸಾಮಾನ್ಯ ಸಲಹೆ ಪಾಲಿಸಿ ಎಂಬ ಸೂಚನೆ ಮಾತ್ರ. 2020ರಲ್ಲಿ ಫಲಿತಾಂಶ ಬಂತು: ವ್ಯಾಯಾಮದ ಎರಡೂ ಗುಂಪು ಸೇರಿಸಿ ನೋಡಿದರೆ ಸಾವಿನ ಪ್ರಮಾಣದಲ್ಲಿ ಮೂರನೆಯ ಗುಂಪಿಗಿಂತ ವ್ಯತ್ಯಾಸ ಇಲ್ಲ.

ನಿಮ್ಮ ಅಮ್ಮನ ಪರವಾಗಿ ಒಂದು ಓಟು ನನ್ನದು.

ಪಿಂಚಣಿ ಮೇಷ್ಟ್ರು (ಸೋಮವಾರ ಬೆಳಗ್ಗೆ)

ಅನುಮಾನರಾಯರೇ, ತೂತು ಹುಡುಕುವುದಾದರೆ ನಿಮ್ಮ ಕೊಡದಲ್ಲೂ ಹುಡುಕೋಣ. ಆ ಮೂರನೆಯ ಗುಂಪಿನವರು ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದವರಲ್ಲ. ಸರ್ಕಾರದ ಸಲಹೆ ಎಂದರೆ ಹೆಚ್ಚುಕಡಿಮೆ ದಿನವೂ ಅರ್ಧ ಗಂಟೆಯ ಚಟುವಟಿಕೆ. ಅವರು ಅದನ್ನು ಪಾಲಿಸಿದರು, ಕೆಲವರು ಏದುಸಿರಿನ ವ್ಯಾಯಾಮವನ್ನೂ ತಾವಾಗಿಯೇ ಮಾಡಿದರು. ಐದು ವರ್ಷದಲ್ಲಿ ಮೂರೂ ಗುಂಪು ಸೇರಿ ಸತ್ತವರು ನೂರಕ್ಕೆ ಐದಕ್ಕಿಂತ ಕಡಿಮೆ. ಓಡುವವರನ್ನೂ ನಡೆಯುವವರನ್ನೂ ಹೋಲಿಸಿ ವ್ಯತ್ಯಾಸ ಸಿಗಲಿಲ್ಲವೆಂದರೆ, ಕುಳಿತವರಿಗೂ ನಡೆಯುವವರಿಗೂ ವ್ಯತ್ಯಾಸವಿಲ್ಲ ಎಂದಾಗುವುದಿಲ್ಲ.

ಆದರೂ ಒಂದು ಮಾತು ಒಪ್ಪುತ್ತೇನೆ. "ಎಷ್ಟು ವರ್ಷ ಹೆಚ್ಚು?" ಎಂಬ ಪ್ರಶ್ನೆಗೆ ಖಚಿತ ಉತ್ತರ ಯಾರ ಬಳಿಯೂ ಇಲ್ಲ. ಮೂವತ್ತು ವರ್ಷ ಶರೀರಶಾಸ್ತ್ರ ಪಾಠ ಮಾಡಿದವನು ಹೇಳುತ್ತಿದ್ದೇನೆ, ಆ ಪ್ರಶ್ನೆಯೇ ಸ್ವಲ್ಪ ಸೊಟ್ಟ. ನಮ್ಮ ಹಿರಿಯರು ದೇವರ ಮುಂದೆ ಬೇಡುತ್ತಿದ್ದದ್ದು ನೂರು ವರ್ಷವನ್ನಲ್ಲ. "ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ, ಓಡಾಡುತ್ತಿರುವಾಗಲೇ ಕರೆದುಕೊಳ್ಳಪ್ಪ" ಎಂದು. ಅಮೆರಿಕದ ಜೇಮ್ಸ್ ಫ್ರೈಸ್ ಎಂಬ ವೈದ್ಯರು 1980ರಲ್ಲಿ ಇದನ್ನೇ ಸಿದ್ಧಾಂತ ಮಾಡಿದರು: ಸಾವನ್ನು ಮುಂದೂಡುವುದಕ್ಕಿಂತ ನರಳುವ ಕಾಲವನ್ನು ಕುಗ್ಗಿಸುವುದು. ಆಮೇಲೆ 50 ದಾಟಿದ ಓಟಗಾರರನ್ನೂ ಓಡದವರನ್ನೂ 1984ರಿಂದ ಹಿಂಬಾಲಿಸಿದರು. 19 ವರ್ಷದ ನಂತರ ಓಟಗಾರರಲ್ಲಿ ತೀರಿಕೊಂಡವರು ನೂರಕ್ಕೆ 15, ಉಳಿದವರಲ್ಲಿ 34. ಇಲ್ಲಿಯೂ ಅನುಮಾನರಾಯರ ಆಕ್ಷೇಪಣೆ ನಿಲ್ಲುತ್ತದೆ, ಓಟಗಾರರು ಮೊದಲೇ ಗಟ್ಟಿ ಇದ್ದಿರಬಹುದು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಬಟ್ಟೆ ಹಾಕಿಕೊಳ್ಳುವುದು, ಕುರ್ಚಿಯಿಂದ ಏಳುವುದು, ನಾಲ್ಕು ಹೆಜ್ಜೆ ನಡೆಯುವುದು ಮುಂತಾದವು ಕಷ್ಟವಾಗತೊಡಗಿದ್ದು ಓಟಗಾರರಿಗೆ ಹಲವು ವರ್ಷ ತಡವಾಗಿ. ಮೊಣಕಾಲು ಸವೆಯುತ್ತದೆ ಎಂದು ಹೆದರಿಸುವವರು ಇದನ್ನೂ ಕೇಳಿಸಿಕೊಳ್ಳಿ: ಅವರ ಮಂಡಿಗಳು ಓಡದವರ ಮಂಡಿಗಳಿಗಿಂತ ಹೆಚ್ಚೇನೂ ಹಾಳಾಗಿರಲಿಲ್ಲ.

ನಿಮ್ಮ ದೊಡ್ಡಪ್ಪ 91ರವರೆಗೆ ಇದ್ದರು, ಸರಿ. ಕೊನೆಯ ಹತ್ತು ವರ್ಷ ಹೇಗಿದ್ದರು?

ಒಂಟಿಕೊಪ್ಪಲಿನವನು (ಸೋಮವಾರ ಮಧ್ಯಾಹ್ನ)

ಮೇಷ್ಟ್ರೇ, ನೀವು ಕೇಳುವವರೆಗೆ ಯೋಚಿಸಿಯೇ ಇರಲಿಲ್ಲ. 82ರ ನಂತರ ಇಬ್ಬರು ಹಿಡಿದು ಬಚ್ಚಲಿಗೆ ಕರೆದೊಯ್ಯಬೇಕಿತ್ತು. ಜಗಲಿಯ ಮೇಲೆ ಕೂರಿಸುತ್ತಿದ್ದವರೂ ನಾವೇ.

ಮಟ್ಟಿಮಣ್ಣು (ಸೋಮವಾರ ಸಂಜೆ)

ಬ್ಯಾಂಕಿನ ಮಾತಿಗೆ ಗರಡಿ ಮನೆಯ ಉತ್ತರ ಕೊಡುತ್ತೇನೆ. ನಮ್ಮ ತಾತ, ಇಬ್ಬರು ಸೋದರಮಾವಂದಿರು ಮಟ್ಟಿಯಲ್ಲಿ ಹೊರಳಿದವರೇ. ಹಿರಿಯ ಮಾವ ದಸರಾ ಕುಸ್ತಿಯಲ್ಲಿ ಪೇಟ ಕಟ್ಟಿಸಿಕೊಂಡವರು. ಬೆಳಗ್ಗೆ ನಾಲ್ಕಕ್ಕೆ ಎದ್ದು ದಂಡ, ಬಸ್ಕಿ, ಗದೆ. ಆಮೇಲೆ ಒಂದು ಚೊಂಬು ಬಾದಾಮಿ ಹಾಲು. ಮದುವೆ, ಮಕ್ಕಳು, ಅಂಗಡಿ ಎಂದು 34ಕ್ಕೆ ಗರಡಿ ಬಿಟ್ಟರು. ಬಾದಾಮಿ ಹಾಲು ಬಿಡಲಿಲ್ಲ! 50ಕ್ಕೆ ಸಕ್ಕರೆ ಕಾಯಿಲೆ, 58ಕ್ಕೆ ಹೃದಯಕ್ಕೆ ಸ್ಟೆಂಟ್. ಕಿರಿಯ ಮಾವ ಒಂದೂ ದೊಡ್ಡ ಕುಸ್ತಿ ಗೆದ್ದವರಲ್ಲ. ಆದರೆ ಇವತ್ತಿಗೂ, 70ರಲ್ಲಿ, ಹುಡುಗರಿಗೆ ಪಟ್ಟು ಹೇಳಿಕೊಡುವ ನೆಪದಲ್ಲಿ ಐವತ್ತು ಬಸ್ಕಿ ಹೊಡೆಯುತ್ತಾರೆ. ಈಗ ಅಣ್ಣನ ಗಾಡಿ ತಳ್ಳಿ ಸ್ಟಾರ್ಟ್ ಮಾಡಿಕೊಡುವವರು ಅವರೇ.

ಪಿಂಚಣಿ ಮೇಷ್ಟ್ರು (ಸೋಮವಾರ ಸಂಜೆ)

ನಿಮ್ಮ ಮಾವಂದಿರ ಕಥೆಯನ್ನು ರಾಲ್ಫ್ ಪ್ಯಾಫೆನ್‌ಬರ್ಗರ್ ಎಂಬುವರು ಹಾರ್ವರ್ಡ್‌ನ ಸುಮಾರು 17,000 ಹಳೆಯ ವಿದ್ಯಾರ್ಥಿಗಳಲ್ಲಿ ನೋಡಿದ್ದಾರೆ. ಕಾಲೇಜಿನಲ್ಲಿ ಆಟದಲ್ಲಿ ಮೆರೆದು ಆಮೇಲೆ ಕುಳಿತವರಿಗೆ ಆ ಹಳೆಯ ಆಟದ ರಕ್ಷಣೆ ಉಳಿದಿರಲಿಲ್ಲ. ಕಾಲೇಜಿನಲ್ಲಿ ಚೆಂಡನ್ನೇ ಮುಟ್ಟದಿದ್ದರೂ ನಡುವಯಸ್ಸಿನಲ್ಲಿ ಚುರುಕಾದವರ ಹೃದಯ ಅವರದಕ್ಕಿಂತ ಸುರಕ್ಷಿತವಾಗಿತ್ತು.

ಕರಗುವುದು ಎಷ್ಟು ಬೇಗ ಎನ್ನುವುದಕ್ಕೆ 1966ರ ಡಲ್ಲಾಸ್ ಪ್ರಯೋಗ ನೋಡಿ. 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದುಡಿಯುವಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟಕ್ಕಿಂತ ಮೂರು ವಾರದ ಮಲಗುವಿಕೆ ಮಾಡಿದ ನಷ್ಟವೇ ಹೆಚ್ಚಾಗಿತ್ತು.

46ರ ಗೃಹಸ್ಥರಿಗೂ ಒಂದು ಸುದ್ದಿ. ಅದೇ ಡಲ್ಲಾಸ್‌ನಿಂದ 2018ರಲ್ಲಿ ಬಂದ ವರದಿಯಲ್ಲಿ, 45ರಿಂದ 64 ವಯಸ್ಸಿನ, ವ್ಯಾಯಾಮದ ಗಂಧವಿಲ್ಲದವರು ಎರಡು ವರ್ಷ ಶಿಸ್ತಾಗಿ ಮಾಡಿದ ಮೇಲೆ ಬಿಗಿಯಾಗುತ್ತಿದ್ದ ಅವರ ಹೃದಯದ ಗೋಡೆ ಮತ್ತೆ ಸಡಿಲವಾಯಿತು. ಅದೇ ತಂಡ 65 ದಾಟಿದವರಿಗೆ ಒಂದು ವರ್ಷ ತರಬೇತಿ ಕೊಟ್ಟಾಗ ಆ ಬಿಗಿ ಸಡಿಲವಾಗಿರಲಿಲ್ಲ. ಲಿಫ್ಟ್ ಕೆಡುವುದನ್ನು ಕಾಯುತ್ತ ಕೂರಬೇಡಿ.

ಗದ್ದೆಬದು (ಸೋಮವಾರ ರಾತ್ರಿ)

ಎಲ್ಲ ಓದಿದೆ. ಒಂಟಿಕೊಪ್ಪಲಿನವರ ಚಿಕ್ಕಪ್ಪನ ಬಗ್ಗೆ ಯಾರೂ ಮಾತನಾಡಲಿಲ್ಲ. ನಾನು ಮಂಡ್ಯ ಜಿಲ್ಲೆಯ ರೈತ ಹೆಂಗಸು. ನಾಟಿಯ ಕಾಲದಲ್ಲಿ ಬೆಳಗ್ಗೆ ಏಳರಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲುತ್ತೇವೆ. ಕಬ್ಬು ಕಡಿಯುವವರು ಸಿಪ್ಪೆಯ ಗಾಯ ಮೈಮೇಲೆ ಹೊತ್ತು ಲಾರಿಗೆ ಹೊರೆ ತುಂಬುತ್ತಾರೆ. ಮೈ ದಂಡಿಸಿದರೆ ಆಯಸ್ಸು ಎನ್ನುವುದಾದರೆ ನಮ್ಮ ಊರಿನಲ್ಲಿ ಎಲ್ಲರೂ ನೂರು ದಾಟಬೇಕಿತ್ತು. ನಮ್ಮತ್ತೆಯ ಬೆನ್ನು 55ಕ್ಕೇ ಗೂನಾಯಿತು. ಹೋದ ತಿಂಗಳು ಆಸ್ಪತ್ರೆಯೊಂದರಲ್ಲಿ ಚಿಕ್ಕ ವಯಸ್ಸಿನ ಡಾಕ್ಟರರೊಬ್ಬರು ನನಗೆ "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊಣಕಾಲು ಮೇಡಂ (ಸೋಮವಾರ ರಾತ್ರಿ)

ಗದ್ದೆಬದು ಅವರೇ, ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ನಿಮ್ಮ ಮಾತಿಗೆ ವಿಜ್ಞಾನದಲ್ಲೂ ಆಧಾರ ಇದೆ. ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹತ್ತು ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ವೇಳೆಯಲ್ಲಿ ಮೈ ಆಡಿಸಿದವರಿಗೆ ಹೃದಯಾಘಾತವೂ ಸಾವೂ ಕಡಿಮೆ, ಕೆಲಸದಲ್ಲಿ ವಿಪರೀತ ಮೈ ಮುರಿದವರಿಗೆ ಎರಡೂ ಹೆಚ್ಚು. ಬಡತನ, ತಂಬಾಕು, ಚಿಕಿತ್ಸೆ ಸಿಗದಿರುವುದು ಇವುಗಳ ಪಾಲೂ ಅದರಲ್ಲಿ ಇರಬಹುದೆಂಬ ವಾದ ಇದೆ. ಆದರೆ ದೇಹದ ಲೆಕ್ಕವೂ ಇದೆ. ಬೆಟ್ಟ ಹತ್ತುವವರು ಒಂದು ಗಂಟೆ ಎದೆ ಬಡಿತ ಏರಿಸಿ, ಇಳಿದು ಬಂದು, ತಿಂಡಿ ತಿಂದು ಮಲಗುತ್ತಾರೆ. ದಣಿದ ಸ್ನಾಯು ಗಟ್ಟಿಯಾಗುವುದು ಆ ವಿಶ್ರಾಂತಿಯಲ್ಲಿ. ನಾಟಿ ಹಾಕುವವರಿಗೆ ಎಂಟು ಗಂಟೆ ಒಂದೇ ಭಂಗಿ, ಬೆನ್ನಿಗೆ ಬಿಡುವಿಲ್ಲ, ಸಾಕಾದರೂ ನಿಲ್ಲಿಸುವಂತಿಲ್ಲ, ಮನೆಗೆ ಬಂದರೆ ಮತ್ತೆ ಒಲೆ. ನಿಮಗೆ ಹೇಳಬೇಕಾದದ್ದು ವಾಕಿಂಗ್ ಅಲ್ಲ. ಸಾಲಿನ ನಡುವೆ ಆಗಾಗ ನೆಟ್ಟಗೆ ನಿಂತು ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಹೊರೆಯನ್ನು ಇಬ್ಬರು ಎತ್ತುವುದು, ರಾತ್ರಿ ನಿದ್ದೆ, ಮುದ್ದೆಯ ಜೊತೆ ಹೆಚ್ಚು ಕಾಳು ಅಥವಾ ಮೊಟ್ಟೆ. ಆ ಡಾಕ್ಟರರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಜಗನ್ಮೋಹನ (ಮಂಗಳವಾರ ಬೆಳಗ್ಗೆ)

ಮೈಸೂರಿನಲ್ಲಿ ಕುಳಿತು ನಾರ್ವೆ, ಡಲ್ಲಾಸ್ ಏಕೆ? 1933ರಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಬದುಕಿದ್ದು 1888ರಿಂದ 1989ರವರೆಗೆ. ಶಿಷ್ಯರಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ 95, ಪಟ್ಟಾಭಿ ಜೋಯಿಸ್ 93, ಹೊರದೇಶದಿಂದ ಬಂದು ಕಲಿತ ಇಂದ್ರಾ ದೇವಿ 102. ಅಯ್ಯಂಗಾರರಂತೂ ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ವಿಷಮಶೀತ ಜ್ವರ ಎಲ್ಲವನ್ನೂ ಕಂಡವರು. ಇನ್ನೇನು ಸಾಕ್ಷಿ ಬೇಕು?

ಅನುಮಾನರಾಯ (ಮಂಗಳವಾರ ಬೆಳಗ್ಗೆ)

ಆ ಶಾಲೆಯಲ್ಲಿ ಕಲಿತ ಉಳಿದ ಹುಡುಗರೆಲ್ಲ ಎಷ್ಟು ವರ್ಷ ಬದುಕಿದರು ಎಂಬ ಪಟ್ಟಿ ಬೇಕು. ಹೆಸರಾದವರನ್ನು ಮಾತ್ರ ಎಣಿಸಿದರೆ ಅದು ಲಾಟರಿ ಹೊಡೆದವರನ್ನು ಮಾತ್ರ ಸಂದರ್ಶಿಸಿದ ಹಾಗೆ. ಶಾಲೆಗೆ ಆಶ್ರಯ ಕೊಟ್ಟ ನಾಲ್ವಡಿಯವರೂ ಒಳ್ಳೆಯ ಕುದುರೆ ಸವಾರರೇ. 1940ರಲ್ಲಿ, 56ನೇ ವಯಸ್ಸಿಗೆ ಹೋದರು.

ಆದರೆ ಮೇಷ್ಟ್ರು ದೊಡ್ಡಪ್ಪನ ಕೊನೆಯ ಹತ್ತು ವರ್ಷ ಕೇಳಿದ್ದು ರಾತ್ರಿಯಿಡೀ ಕೊರೆಯಿತು. ನನ್ನ ತಂದೆಯೂ ಹಾಗೆಯೇ ಹೋದರು. ಅಮ್ಮನಿಗೆ ಹಾಕಿದ ಓಟನ್ನು ತಾತ್ಕಾಲಿಕವಾಗಿ ತಡೆಹಿಡಿದಿದ್ದೇನೆ.

ಮೊಣಕಾಲು ಮೇಡಂ (ಮಂಗಳವಾರ ಮಧ್ಯಾಹ್ನ)

ಈಗ ಅಪ್ಪನ ವಿಷಯ. ಅವರು ಹತ್ತುವಾಗ ಬೀಳಲಿಲ್ಲ, ಇಳಿಯುವಾಗ ಬಿದ್ದರು. ಇದು ತೀರಾ ಮಾಮೂಲಿ. ಹತ್ತುವಾಗ ಕೆಲಸ ಎದೆಗೆ, ಇಳಿಯುವಾಗ ತೊಡೆಗೆ. ಮೈ ಭಾರವನ್ನು ತಡೆದು ತಡೆದು ಇಳಿಸಬೇಕು, ಹೆಜ್ಜೆ ತಪ್ಪಿದರೆ ಕ್ಷಣಾರ್ಧದಲ್ಲಿ ಸರಿಪಡಿಸಿಕೊಳ್ಳಬೇಕು. ಆ ಚುರುಕು ಇರುವ ಸ್ನಾಯುವಿನ ಎಳೆಗಳೇ ವಯಸ್ಸಾದಂತೆ ಮೊದಲು ಸೊರಗುವುದು. ನಲವತ್ತು ವರ್ಷದ ನಡಿಗೆ ಅವರ ಹೃದಯ, ಶ್ವಾಸಕೋಶಗಳನ್ನು ಕಾಪಾಡಿರುತ್ತದೆ. ಸ್ನಾಯುವಿನ ಬಲಕ್ಕೆ, ಸಮತೋಲನಕ್ಕೆ ನಡಿಗೆ ಒಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥದ್ದರ ಜೊತೆಗೆ, ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಮತ್ತು ಮೂರು ದಿನ ಸಮತೋಲನದ ಅಭ್ಯಾಸ ಹೇಳಿದೆ. ವಾಕಿಂಗ್ ಗುಂಪಿನ ಹಿರಿಯರಿಗೆ ಇದನ್ನು ಹೇಳಿದರೆ ನನ್ನನ್ನೇ ಕರುಣೆಯಿಂದ ನೋಡುತ್ತಾರೆ.

76 ತಡವಲ್ಲ. ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ತೊಡೆಯ ಬಲ ಸರಾಸರಿ 174 ಪ್ರತಿಶತ ಹೆಚ್ಚಿತ್ತು. ಆಮೇಲೆ ನಾಲ್ಕೇ ವಾರ ನಿಲ್ಲಿಸಿದ್ದಕ್ಕೆ ಬಲದ ಮೂರನೇ ಒಂದು ಭಾಗ ಕರಗಿತು. ನಿಮ್ಮ ತಾಯಿಗೆ ಹೇಳಿ, ಇದು ಠೇವಣಿ ಅಲ್ಲ, ದಿನಗೂಲಿ.

ಮನೆಯಲ್ಲಿ ಎರಡು ಪರೀಕ್ಷೆ ಮಾಡಿ. ಗೋಡೆಯ ಪಕ್ಕ, ನೀವು ಹತ್ತಿರವೇ ನಿಂತು, ಒಂಟಿಕಾಲಿನಲ್ಲಿ 10 ಸೆಕೆಂಡು ನಿಲ್ಲಿಸಿ. 51ರಿಂದ 75 ವಯಸ್ಸಿನ 1,702 ಜನರಿಗೆ ಬ್ರೆಜಿಲ್‌ನಲ್ಲಿ ಇದನ್ನೇ ಮಾಡಿಸಿದಾಗ ಐವರಲ್ಲಿ ಒಬ್ಬರಿಗೆ ಆಗಲಿಲ್ಲ, ಮುಂದಿನ ವರ್ಷಗಳಲ್ಲಿ ಹೆಚ್ಚು ಸಾವು ಕಂಡದ್ದು ಆ ಗುಂಪಿನಲ್ಲಿ. ಎರಡನೆಯದು, ಕೈ ಊರದೆ ಕುರ್ಚಿಯಿಂದ ಏಳುವುದು. ಎಷ್ಟು ಸಲ ಆಗುತ್ತದೆ ನೋಡಿ. ಬಿದ್ದಾಗ ತಲೆ ಸುತ್ತಿತ್ತೇ, ಎದೆ ಹಿಡಿದಂತಾಗಿತ್ತೇ ಎಂದು ಮೊದಲು ಕೇಳಿ. ಹೌದು ಎಂದರೆ ಪರೀಕ್ಷೆ ಬೇಡ, ನೇರ ವೈದ್ಯರ ಬಳಿಗೆ.

ಮಲ್ಲಿಗೆ ಮೊಳ (ಮಂಗಳವಾರ ರಾತ್ರಿ)

ನನ್ನದೊಂದು ಪ್ರಶ್ನೆ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಆಚಾರ್ಯರು ಎಲ್ಲ ಬಂದು ಹೋದರು. ಅಮ್ಮ ಎಷ್ಟು ವರ್ಷದವರು? ನಲವತ್ತು ವರ್ಷ ಅಪ್ಪ ಕೆರೆ ಸುತ್ತಿ ಬರುವಷ್ಟರಲ್ಲಿ ಉಪ್ಪಿಟ್ಟು ಕೆದಕುತ್ತಿದ್ದವರು ಅವರೇ ತಾನೆ? ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2022ರ ಅಂಕಿಗಳನ್ನು ಇಟ್ಟುಕೊಂಡ ಅಧ್ಯಯನವೊಂದು ಹೇಳಿತು. ಒಡೆದು ನೋಡಿದರೆ ಗಂಡಸರು ನೂರಕ್ಕೆ 42, ಹೆಂಗಸರು 57. ಬೆಳಗಿನ ಆರು ಗಂಟೆ ಯಾರ ಪಾಲಿಗೆ ಬಿಡುವು, ಯಾರ ಪಾಲಿಗೆ ಒಲೆ ಎಂದು ನೋಡಿದರೆ ಲೆಕ್ಕ ತಾನಾಗಿ ಸಿಗುತ್ತದೆ.

ಒಂಟಿಕೊಪ್ಪಲಿನವನು (ಶುಕ್ರವಾರ ರಾತ್ರಿ)

ಮಲ್ಲಿಗೆ ಮೊಳ ಅವರ ಮಾತು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಅಮ್ಮನಿಗೆ 70. ಬೆಟ್ಟದ ಮೆಟ್ಟಿಲನ್ನು ಅವರು ಕೊನೆಯ ಸಲ ಹತ್ತಿದ್ದು ನನ್ನ ತಂಗಿ ಹುಟ್ಟುವ ಮುಂಚೆ, ಹರಕೆಗೆ, ಪ್ರತಿ ಮೆಟ್ಟಿಲಿಗೂ ಕುಂಕುಮ ಹಚ್ಚಿಕೊಂಡು.

ಮೊದಲು ಅಪ್ಪನನ್ನು ಕೇಳಿದೆ. ತಲೆ ಸುತ್ತಿರಲಿಲ್ಲ, ಮೆಟ್ಟಿಲಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಇತ್ತಂತೆ. ಮೂರು ವಾರದಿಂದ ಮರ್ಯಾದೆಗೆ ಹೇಳಿರಲಿಲ್ಲ. ಆಮೇಲೆ ಇಬ್ಬರಿಗೂ ಪರೀಕ್ಷೆ ಮಾಡಿಸಿದೆ. ಅಪ್ಪ ಬಲಗಾಲಿನಲ್ಲಿ 10 ಸೆಕೆಂಡು ನಿಂತರು, ಎಡಗಾಲಿನಲ್ಲಿ ಆರಕ್ಕೇ ಗೋಡೆ ಹಿಡಿದರು. ಬೆವರಿದ್ದು ವಯಸ್ಸಿಗಲ್ಲ, ಅವಮಾನಕ್ಕೆ. ಅಮ್ಮ ಎರಡೂ ಕಾಲಿನಲ್ಲಿ ಸಲೀಸಾಗಿ ನಿಂತು "ಇಷ್ಟೇನಾ?" ಎಂದರು. ಕುರ್ಚಿಯ ಸರದಿಯಲ್ಲಿ ಅಪ್ಪ ಹನ್ನೆರಡು ಸಲ ಎದ್ದರೆ ಅಮ್ಮ ಮೂರಕ್ಕೇ ತೊಡೆ ನಡುಗಿ ಕುಳಿತುಬಿಟ್ಟರು. ಅಪ್ಪ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ್ದು ನೋಡಿದೆ.

ಈಗಿನ ಒಪ್ಪಂದ ಹೀಗಿದೆ. ಕುಕ್ಕರ್ ಇಟ್ಟು ಮೂರು ವಿಷಲ್ ಬರುವವರೆಗೆ ಅಡುಗೆಮನೆಯ ಕುರ್ಚಿಯಿಂದ ಎದ್ದು ಕೂರುವುದು ಅಮ್ಮನ ಅಭ್ಯಾಸ. ಹಲ್ಲುಜ್ಜುವಾಗ ಎಡಗಾಲಿನಲ್ಲಿ ನಿಲ್ಲುವುದು ಅಪ್ಪನದು. ಭಾನುವಾರದ ತಿಂಡಿ ನನ್ನದು, ಉಪ್ಪಿಟ್ಟು ಗಂಟುಗಂಟಾದರೂ ಯಾರೂ ಮಾತನಾಡುವಂತಿಲ್ಲ. ಬೆಟ್ಟಕ್ಕೆ ಮೂವರೂ. ನಂದಿಯವರೆಗೆ ಗಾಡಿ, ಅಲ್ಲಿಂದ ಮೇಲಕ್ಕೆ ಮೆಟ್ಟಿಲು, ಇಳಿಯುವುದು ಮಾತ್ರ ಬಸ್ಸಿನಲ್ಲಿ. ಕೊನೆಯದಕ್ಕೆ ಅಪ್ಪನನ್ನು ಒಪ್ಪಿಸಲು ಒಂದು ಇಡೀ ಸಂಜೆ ಬೇಕಾಯಿತು.

ಟಿಕೆಟ್ ಟಿಕೆಟ್ (ಶುಕ್ರವಾರ ರಾತ್ರಿ)

201ನೇ ನಂಬರಿನ ಬಸ್ಸು ಹತ್ತಿ. ಸೀಟು ಸಿಕ್ಕರೂ ಕೂರಬೇಡಿ, ಕಂಬಿ ಗಟ್ಟಿಯಾಗಿ ಹಿಡಿದು ನಿಲ್ಲಿ, ತಿರುವುಗಳಲ್ಲಿ ಸಮತೋಲನದ ಅಭ್ಯಾಸ ಪುಕ್ಕಟೆ. ಒಂದು ಮಾತು ಮರೆತಿದ್ದೀರಿ. ನಂದಿಯ ಹತ್ತಿರ ನಿಲ್ಲಿಸಿದ ಗಾಡಿಯನ್ನು ಆಮೇಲೆ ಯಾರು ಹೋಗಿ ತರುತ್ತಾರೆ?

ಒಂಟಿಕೊಪ್ಪಲಿನವನು (ಶುಕ್ರವಾರ ರಾತ್ರಿ)

ಅಮ್ಮನಿಗೆ ಓದಿ ಹೇಳಿದೆ. "ಅದಕ್ಕೇ ನಿನ್ನನ್ನು ಕರೆದುಕೊಂಡು ಹೋಗುತ್ತಿರುವುದು, ಬುಡದಿಂದ ನಂದಿಯವರೆಗೆ ನೀನು ಹತ್ತು" ಎಂದರು.